ಗುಲಾಬಿ ಪಟಕಾ



ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಮಧ್ಯಾಹ್ನ ಕಲಬುರಗಿಯ ನಮ್ಮ ಮನೆಗೆ ಒಬ್ಬ ತರುಣನು ಬಂದನು. ಕಮಲಾಪುರದ ಕಡೆಯವನು. ಕೈಯಲ್ಲಿ ಒಂದು ಚೀಲ. ಅದರೊಳಗೆ ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕು, ಅರ್ಧ ತುಂಬಿದ ಒಂದು ಅರ್ಜಿ. ಪಡಸಾಲೆಯಲ್ಲಿ ಕುಳಿತು ನೀರು ಕುಡಿದ ಮೇಲೆ ಆತನು ಬಂದ ಕಾರಣವನ್ನು ಹೇಳಿದನು.

“ಅಕ್ಕೋರೆ, ನಮ್ಮ ಮುತ್ಯಾಗ ಕಲಾವಿದರ ಮಾಸಾಶನ ಸಿಗ್ತದ ಅಂತ ಮಂದಿ ಹೇಳ್ಯಾರ. ಆದರ ಮುತ್ಯಾ ಹಾಡ್ತಿದ್ದ ಅಂಬೋದಕ್ಕ ಪುರಾವೆ ಬೇಕಂತ. ಫೋಟೋ ಆಗ್ಲಿ, ಹ್ಯಾಂಡ್‌ಬಿಲ್ ಆಗ್ಲಿ, ಪೇಪರ್‌ದಾಗ ಬಂದಿದ್ದಾಗ್ಲಿ, ನಿಮ್ಮ ಹಂತ್ಯಾಕ ಏನರೆ ಇದ್ದರ ನೋಡ್ರಿ.”

ಆತನು ತನ್ನ ಊರು, ಓಣಿ, ಮುತ್ಯಾನ ಹೆಸರು ಹೇಳಿದೊಡನೆ ನನ್ನ ಬಾಲ್ಯದ ಅಮಾವಾಸ್ಯೆಯ ರಾತ್ರಿಯೊಂದು ಗ್ಯಾಸಬತ್ತಿಯ ಬೆಳಕಿನೊಡನೆ ಕಣ್ಣೆದುರಿಗೆ ಬಂದು ನಿಂತಿತು. ಆ ಹಿರಿಯರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರು ಹೆಸರಿಗಾಗಿ ಹಾಡಿದವರಲ್ಲ. ಇಳಿವಯಸ್ಸಿನಲ್ಲಿ ಅವರ ಮನೆಯವರಿಗೆ ನನ್ನ ಬರಹದಿಂದ ಸಂಕೋಚವಾಗುವುದು ಬೇಡ. ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ತಾಯಂದಿರು ಈ ಪುಟವನ್ನು ಓದಿಸಿಕೊಂಡು ಕೇಳಿದರೆ ಹೆಸರಿಲ್ಲದೆಯೂ ಅವರನ್ನು ಗುರುತಿಸಿಯಾರು. ಅಷ್ಟು ಚೆಲುವರಾಗಿದ್ದರು ಅವರು.

ನನ್ನ ಬಳಿ ಫೋಟೋ ಇರಲಿಲ್ಲ. ಆ ಕಾಲದಲ್ಲಿ ಭಜನೆಯ ಫೋಟೋ ತೆಗೆಯುವವರು ಯಾರಿದ್ದರು? ನಮ್ಮ ಊರಿನ ಅದೆಷ್ಟೋ ಹಿರಿಯರು ಒಂದು ಫೋಟೋ ಕೂಡ ಇಲ್ಲದೆ ಲಿಂಗೈಕ್ಯರಾದರು. ಆದರೆ ನಮ್ಮ ಮನೆಯಲ್ಲಿ ನನ್ನ ಸೋದರತ್ತೆಯವರು ಇದ್ದಾರೆ. ಎಪ್ಪತ್ತೇಳರ ವಯಸ್ಸು. ಮೊಣಕಾಲು ನೋಯುತ್ತವೆ, ದೃಷ್ಟಿ ಮಂದವಾಗಿದೆ, ನಿನ್ನೆ ಊಟಕ್ಕೆ ಏನು ಮಾಡಿದ್ದೆವೆಂಬುದು ನೆನಪಿರುವುದಿಲ್ಲ. ಒಳಗೆ ಹೋಗಿ ಅವರನ್ನು ಕೇಳಿದೆನು. ಅತ್ತೆಯವರು ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ, “ನನಗೇನ್ ಗೊತ್ತವ್ವಾ, ಭಜನಿ ಮಾಡೋರು ಭಾಳ ಮಂದಿ ಇದ್ರು” ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಕೇಳಿದರು: “ಗುಲಾಬಿ ಪಟಕಾ ಸುತ್ತತಿದ್ದ, ಅವನೇನು?”

ಅಂದು ಸಂಜೆಯವರೆಗೆ ಅತ್ತೆಯವರ ಮಾತು ನಿಲ್ಲಲಿಲ್ಲ.

ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಕಮಲಾಪುರವು ಈಚಿನ ವರ್ಷಗಳಲ್ಲಿ ತಾಲ್ಲೂಕಿನ ಕೇಂದ್ರವಾಗಿದೆ. ಆದರೆ ಹೊರಗಿನವರಿಗೆ ಆ ಊರಿನ ಹೆಸರು ತಿಳಿದಿರುವುದು ಕೆಂಪು ಬಾಳೆಯಿಂದ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಹಣ್ಣಿನ ಸಿಪ್ಪೆಯ ಬಣ್ಣವನ್ನು ಕಂಡವರೇ ಬಲ್ಲರು. ನಮ್ಮ ಅಜ್ಜನವರ ಮನೆ ಅಲ್ಲಿತ್ತು. 1966ರ ಸುಮಾರಿಗೆ ನನಗೆ ಏಳು ವರ್ಷ, ಅತ್ತೆಯವರಿಗೆ ಹದಿನೆಂಟು, ಅವರಿಗಿನ್ನೂ ಮದುವೆಯಾಗಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಊರಿನಲ್ಲಿ ಭಜನೆ ನಡೆಯುತ್ತಿತ್ತು. ಗಂಡಸರು ಕಟ್ಟೆಯ ಮುಂದಿನ ಜಮಖಾನೆಯ ಮೇಲೆ, ಹೆಂಗಸರು ಮಕ್ಕಳು ಮಾಳಿಗೆಯ ಮೇಲೆ. ಮಾಳಿಗೆಯ ಅಂಚಿನ ಗಿಡ್ಡ ಗೋಡೆಗೆ ಗದ್ದವೂರಿ ಕುಳಿತರೆ ಕೆಳಗಿನವರಿಗೆ ನಾವು ಕಾಣುತ್ತಿರಲಿಲ್ಲ. ನಮಗೆ ಎಲ್ಲವೂ ಕಾಣುತ್ತಿತ್ತು.

ಆ ಭಜನಾ ಮೇಳದಲ್ಲಿ ಹಾಡುವ ತರುಣನು ಬಾಳೆಯ ತೋಟದಲ್ಲಿ ಆಳಾಗಿ ದುಡಿಯುವವನು. ಇಪ್ಪತ್ತೆರಡರ ಹರೆಯ. ಎತ್ತರದ ನಿಲುವು, ಎಣ್ಣೆಗೆಂಪು ಮೈಬಣ್ಣ, ಆಗತಾನೆ ಚಿಗುರಿದ ಮೀಸೆ. ಹಗಲೆಲ್ಲ ಕೆಸರಿನಲ್ಲಿ ನಿಂತು ನೀರು ಹಾಯಿಸುವವನು ರಾತ್ರಿ ಭಜನೆಗೆ ಬರುವಾಗ ಶುಭ್ರವಾದ ದೋತರ, ತೋಳು ಮಡಚಿದ ಬಿಳಿಯ ಅಂಗಿ, ತಲೆಗೆ ಗುಲಾಬಿ ಬಣ್ಣದ ಪಟಕಾ ಧರಿಸಿ ಬರುತ್ತಿದ್ದನು. ಹೋಳಿಹುಣ್ಣಿಮೆಯ ನಂತರ ನಡೆಯುವ ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಲ್ಲಿ ಆ ಪಟಕಾ ಕೊಂಡಿದ್ದನಂತೆ. ಬಂದೇನವಾಜರ ಉರುಸಿನಲ್ಲಿ ಕೊಂಡ ಅತ್ತರನ್ನು ಹತ್ತಿಗೆ ಹಚ್ಚಿ ಕಿವಿಯಲ್ಲಿ ಇಟ್ಟುಕೊಳ್ಳುತ್ತಿದ್ದನಂತೆ. ಈ ವಿವರಗಳು ಮಾಳಿಗೆಯ ಮೇಲಿನವರಿಗೆ ಹೇಗೆ ತಿಳಿದವೆಂದು ನಾನು ಅತ್ತೆಯವರನ್ನು ಕೇಳಿದೆನು. “ಗೊತ್ತಾಗ್ತಾವವ್ವಾ, ಇಂಥವೆಲ್ಲ ತಾವೇ ಗೊತ್ತಾಗ್ತಾವ” ಎಂದರು.

ನನಗೆ ನೆನಪಿರುವುದು ಆತನ ನಗೆ. ಹಾಡಿನ ನಡುವೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಂಡಾಗ ಆತನು ಏಕತಾರಿಯನ್ನು ಭುಜಕ್ಕೆ ಒರಗಿಸಿ, ಒಂದು ಕ್ಷಣ ತಲೆ ಬಾಗಿಸಿ, ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ಹಾಗೆ ನಗುತ್ತಿದ್ದನು. ಯಾರನ್ನೂ ನೋಡಿ ನಕ್ಕದ್ದಲ್ಲ. ಹಾಡು ಸರಿಯಾಗಿ ಕೂತಿತೆಂಬ ಸಂತೋಷದ ನಗೆ ಅದು. ಆದರೆ ಮಾಳಿಗೆಯ ಮೇಲೆ ಕುಳಿತ ಇಪ್ಪತ್ತು ಹೆಣ್ಣುಮಕ್ಕಳಲ್ಲಿ ಪ್ರತಿಯೊಬ್ಬಳೂ ಆ ನಗೆ ತನ್ನದೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಬಳೆಗಳ ಸದ್ದು ಹೆಚ್ಚಾದರೆ ನಮ್ಮ ಆಯಿ ಹಿಂದಿನಿಂದ ಗದರುತ್ತಿದ್ದಳು. ಮರುದಿನ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಅದೇ ಹೆಣ್ಣುಮಕ್ಕಳು ರಾತ್ರಿ ಕೇಳಿದ ಪದವನ್ನು ಪಲ್ಲವಿಯಿಂದ ಅಂಕಿತದವರೆಗೆ ಒಂದಕ್ಷರ ಬಿಡದೆ ಹಾಡುತ್ತಿದ್ದರು. ಅದನ್ನು ಕೇಳಿದ ಆಯಿ ಒಮ್ಮೆ ಹೇಳಿದ ಮಾತು ಇಂದಿಗೂ ನಮ್ಮ ಮನೆಯಲ್ಲಿ ನಡೆಯುತ್ತದೆ: “ಮಾರಿ ನೋಡ್ಲಾಕ ಹೋಗಿ ಮಾತು ಕಲ್ತು ಬಂದೀರಿ. ಇರ್ಲಿ, ಅದೂ ಚೊಲೋನೇ ಆಯ್ತು.”

ವಾಚಕರೆ, ಈ ಲೇಖನವನ್ನು ನಾನು ಬರೆಯುತ್ತಿರುವುದು ಆಯಿಯ ಈ ಮಾತಿನ ಸಲುವಾಗಿ. ಒಬ್ಬ ಹಾಡುಗಾರನ ಹರೆಯದ ಚೆಲುವನ್ನು ನೆನೆಯುವುದು ಹಗುರವಾದ ವಿಷಯವೆಂದೂ, ಧರ್ಮವಂತರ ಮನೆಯ ಪತ್ರಿಕೆಯಲ್ಲಿ ಬರೆಯತಕ್ಕದ್ದಲ್ಲವೆಂದೂ ಕೆಲವರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಆತನು ಹಾಡುತ್ತಿದ್ದುದು ಏನನ್ನು? ತತ್ತ್ವಪದಗಳನ್ನು. ನಮ್ಮ ಕಲಬುರಗಿಯ ನೆಲ ತತ್ತ್ವಪದಗಳ ತವರು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಕಡಕೋಳದ ಮಡಿವಾಳಪ್ಪನವರು ಹಚ್ಚಿದ ದೀಪವದು. ಅವರ ಶಿಷ್ಯ ಬಳಗದಲ್ಲಿ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ರಾಮಪುರದ ಬಕ್ಕಪ್ಪ, ಕಡ್ಲೇವಾಡದ ಸಿದ್ಧಪ್ಪ ಮೊದಲಾದವರು ಇದ್ದರು. ಇವರ ಹೆಸರುಗಳನ್ನು ಓದಿದರೇ ಸಾಕು, ಜಾತಿ ಮತಗಳ ಗೋಡೆಗಳನ್ನು ಆ ಬಳಗವು ಹೇಗೆ ದಾಟಿತ್ತೆಂಬುದು ತಿಳಿಯುತ್ತದೆ. ಅತ್ತ ಧಾರವಾಡದ ಸೀಮೆಯಲ್ಲಿ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು ಹಾಡಿದುದೂ ಇದೇ ಜಾತಿಯ ಪದಗಳನ್ನು.

ಈ ಪದಗಳ ಸಾರವೇನು? ದೇಹವು ನಾಳೆ ಒಡೆಯುವ ಮಣ್ಣಿನ ಗಡಿಗೆ, ಹರೆಯವು ಇಳಿಯುವ ಬಿಸಿಲು, ಗುರುವಿನ ಕರುಣೆಯೊಂದೇ ಕಡೆಯವರೆಗೆ ಬರುವ ಬುತ್ತಿ. ಇದನ್ನು ಹಲ್ಲು ಉದುರಿದ ಮುದುಕರು ಹೇಳಿದರೆ ಹದಿನೆಂಟರ ಹುಡುಗಿ ಮಾಳಿಗೆಯ ಮೇಲೆ ಕುಳಿತು ಬೆಳಗಾಗುವವರೆಗೆ ಕೇಳುವಳೆ? ಗಡಿಗೆ ಒಡೆಯುವುದನ್ನು ಹೊಸ ಗಡಿಗೆಯಂತಿದ್ದ ತರುಣನೇ ನಗುನಗುತ್ತ ಹಾಡಿದನು. ಆದುದರಿಂದ ಅದು ಹುಡುಗಿಯರ ಕಿವಿಗೆ ಇಳಿಯಿತು. ಅರ್ಥ ಆಗ ಆಗಲಿಲ್ಲ. ಧಾಟಿ ನಿಂತಿತು, ಮಾತು ನಿಂತಿತು. ಅರ್ಥವು ತನ್ನ ಕಾಲ ಬಂದಾಗ ತಾನೇ ಬಂದಿತು.

ಅತ್ತೆಯವರ ಮದುವೆ 1968ರಲ್ಲಿ ಆಯಿತು. ಅವರು ಕಲಬುರಗಿಗೆ ಬಂದರು. 1991ರಲ್ಲಿ ಮಾವನವರು ಅಕಾಲದಲ್ಲಿ ಲಿಂಗೈಕ್ಯರಾದಾಗ ಅತ್ತೆಯವರಿಗೆ ನಲವತ್ತಮೂರು ವರ್ಷ. ನಮ್ಮ ಸಂಪ್ರದಾಯದಂತೆ ಆ ರಾತ್ರಿ ಭಜನೆಯವರು ಬಂದು ಹೊರಗೆ ಕುಳಿತು ಹಾಡುತ್ತಿದ್ದರು. ಒಳಗೆ ಅತ್ತೆಯವರು ಅಳಲೂ ಇಲ್ಲ, ಮಾತನಾಡಲೂ ಇಲ್ಲ. ಬೆಳಗಿನ ಜಾವ ತುಟಿಗಳು ಅಲುಗಿದವು. ಸಮೀಪ ಹೋಗಿ ಕೇಳಿದೆನು. ಮಾಳಿಗೆಯ ಮೇಲೆ ಕಲಿತ ಪದ ಅದು. ಹದಿನೆಂಟರಲ್ಲಿ ಒಂದು ಚೆಲುವ ಮುಖವನ್ನು ನೋಡುತ್ತ ಬಾಯಿಪಾಠವಾದ ನಾಲ್ಕು ನುಡಿಗಳು ನಲವತ್ತಮೂರರಲ್ಲಿ ಬಂದು ಅವರ ಕೈ ಹಿಡಿದವು. ಆ ದಿನ ಆ ಕೈಯನ್ನು ಹಿಡಿಯಲು ನಮ್ಮಲ್ಲಿ ಯಾರಿಗೂ ಸಾಧ್ಯವಾಗಿರಲಿಲ್ಲ.

ಚೆಲುವನ್ನು ಕುರಿತು ನಮ್ಮ ಶರಣರು ಮುಖ ಸಿಂಡರಿಸಿದವರಲ್ಲ. ಅಕ್ಕಮಹಾದೇವಿಯವರು ತಾವು ಒಲಿದ ಚೆನ್ನಮಲ್ಲಿಕಾರ್ಜುನನನ್ನು ಚೆಲುವನೆಂದೇ ಕರೆದರು. ಕೇಡಿಲ್ಲದ ಚೆಲುವನ್ನು ಅರಸಿ ಹೊರಟರು. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ಕಾಯವನ್ನೇ ವಾದ್ಯವಾಗಿ ಮಾಡಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿಕೊಂಡಿದ್ದಾರೆ. ದೇಹವು ಹೀಗೆ ಹಾಡಿನ ಉಪಕರಣವಾದಾಗ ಅದರ ಅಂದವೂ ಹಾಡಿಗೇ ಸಲ್ಲುತ್ತದೆ. ಏಕತಾರಿಯ ಬುರುಡೆಗೆ ಬಣ್ಣ ಬಳಿದು ಗೊಂಡೆ ಕಟ್ಟುವುದಿಲ್ಲವೆ? ಗುಲಾಬಿ ಪಟಕಾ ಕೂಡ ಅಂಥದೇ ಒಂದು ಗೊಂಡೆಯೆಂದು ತಿಳಿದರೆ ದೋಷವೇನು?

ನಮ್ಮ ನಾಡಿನ ಹಿರಿಯ ಕಲಾವಿದರ ಬದುಕಿನಲ್ಲಿಯೂ ಇದೇ ಮಾತು ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ನಾಟಕ ಸೇರಿ ಸ್ತ್ರೀಪಾತ್ರಗಳಲ್ಲಿ ಮೆರೆದರು. ಹೆಂಗಸರು ರಂಗವನ್ನು ಏರುವುದು ಅಪರೂಪವಾಗಿದ್ದ ಆ ದಿನಗಳಲ್ಲಿ ಹುಡುಗನ ಕೋಮಲವಾದ ಮುಖ, ತೆಳುವಾದ ಕಂಠ, ಇವೇ ಕಂಪನಿಯ ಬಂಡವಾಳ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಬಾಲಗಂಧರ್ವರ ಸ್ತ್ರೀಪಾತ್ರಗಳ ಸೊಬಗು ಮನೆಮಾತಾಗಿದ್ದ ಕಾಲವೂ ಅದೇ. ಹರೆಯ ಕಳೆಯಿತು, ಸೀರೆಯ ವೇಷ ಕಳಚಿತು. ಬಾಳಪ್ಪನವರು 1947ರಲ್ಲಿ ಕಲಾವೈಭವ ನಾಟ್ಯಸಂಘವನ್ನು ಕಟ್ಟಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರಾಗಿ ವಚನಗಳನ್ನು ಹಾಡಿ ಊರೂರಿಗೆ ಮುಟ್ಟಿಸಿದರು. 2017ರ ಆಗಸ್ಟಿನಲ್ಲಿ ನೂರು ದಾಟಿದ ತುಂಬುಬಾಳು ಮುಗಿಸಿದಾಗ ನಾಡು ಅವರನ್ನು ಗೌರವದಿಂದ ಬೀಳ್ಕೊಟ್ಟಿತು. ಅದೇ ಜಿಲ್ಲೆಯ ಮುರಗೋಡದಲ್ಲಿ 1911ರಲ್ಲಿ ಜನಿಸಿದ ಹುಕ್ಕೇರಿ ಬಾಳಪ್ಪನವರು ಸ್ವಾತಂತ್ರ್ಯ ಚಳವಳಿಯಿಂದ ಕರ್ನಾಟಕ ಏಕೀಕರಣದವರೆಗೆ ಹಾಡುತ್ತ ನಡೆದವರು. ಜನ ಅವರನ್ನು ‘ಸಾವಿರ ಹಾಡಿನ ಸರದಾರ’ ಎಂದು ಕರೆದರು. 1992ರಲ್ಲಿ ಅವರು ತೀರಿಕೊಂಡರು. ಈ ಇಬ್ಬರು ಬಾಳಪ್ಪನವರಿಗೂ ಒಂದು ಭಾಗ್ಯವಿತ್ತು. ಅವರ ಹರೆಯವನ್ನು ಕಂಡ ಜನ ಅವರ ಮುಪ್ಪನ್ನೂ ಕಂಡರು, ಎರಡನ್ನೂ ಒಂದೇ ಬಾಳೆಂದು ಗುರುತಿಸಿದರು.

ನಮ್ಮ ಗುಲಾಬಿ ಪಟಕಾದ ತರುಣನಿಗೆ ಆ ಭಾಗ್ಯ ದೊರೆಯಲಿಲ್ಲ.

1972ರ ಬರಗಾಲವನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. ಬಾವಿಗಳು ಬತ್ತಿದವು, ಬಾಳೆಯ ತೋಟ ಒಣಗಿ ನಿಂತಿತು. ಅಮಾವಾಸ್ಯೆಯ ಭಜನೆಗೆ ಎಣ್ಣೆ ಕೊಡುವವರು ಇಲ್ಲ, ಕೇಳುವವರ ಹೊಟ್ಟೆಯಲ್ಲಿ ರೊಟ್ಟಿ ಇಲ್ಲ. ದುಡಿಯುವ ಕೈಗಳು ಸೊಲ್ಲಾಪುರಕ್ಕೆ, ಮುಂಬಯಿಗೆ ಹೊರಟವು. ಆತನೂ ಹೋದನು. ಏಕತಾರಿಯನ್ನು ಮನೆಯ ಜಂತಿಗೆ ಕಟ್ಟಿ ಹೋದನಂತೆ. ಕಲ್ಲು ಒಡೆದನು, ಗಾರೆ ಹೊತ್ತನು, ಹಲವು ವರ್ಷ ಹಾಗೆಯೇ ಕಳೆದನು. ಮರಳಿ ಬಂದಾಗ ಕೆನ್ನೆ ಒಳಗೆ ಹೋಗಿದ್ದವು. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಹಾಳಾಗಿತ್ತು. ಕಂಠ ಮಾತ್ರ ಉಳಿದಿತ್ತು. ಆದರೆ ಊರಿನ ಜನ ಕಾಯುತ್ತಿದ್ದುದು ಗುಲಾಬಿ ಪಟಕಾದವನಿಗಾಗಿ. ಬಂದವನನ್ನು ಅವರು ಗುರುತಿಸಲಿಲ್ಲ. ಗುರುತಿಸಿದವರು ಅಯ್ಯೋ ಎಂದರು. ಅಯ್ಯೋ ಎನ್ನಿಸಿಕೊಂಡವನು ಹಾಡುವುದು ಹೇಗೆ? ಮೇಳದ ಹಿಂದಿನ ಸಾಲಿನಲ್ಲಿ ಕುಳಿತು ತಾಳ ಹಾಕತೊಡಗಿದನು.

ಇಲ್ಲಿ ನಮ್ಮ ಮನೆಯ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 1986ರಲ್ಲಿ ನನ್ನ ತಮ್ಮನ ಮದುವೆ ಕಲಬುರಗಿಯಲ್ಲಿ ನಡೆಯಿತು. ಆಗ ನಾನು ಹೊಸದಾಗಿ ನೌಕರಿ ಸೇರಿದ ಶಿಕ್ಷಕಿ. ಮದುವೆಯ ಹಿಂದಿನ ದಿನ ಅವರು ಬಸ್ಸಿನಲ್ಲಿ ಬಂದರು. ಇದುವರೆಗೆ ಆತನೆಂದು ಬರೆದೆನು; ಇಲ್ಲಿಂದ ಮುಂದೆ ಅವರು ಎಂದು ಬರೆಯುತ್ತೇನೆ. ಅಂದು ಆ ಮರ್ಯಾದೆ ನಮಗೆ ಹೊಳೆಯಲಿಲ್ಲ. ಬಗಲಲ್ಲಿ ಬಟ್ಟೆ ಸುತ್ತಿದ ಏಕತಾರಿ. “ಧಣೇರ ಮನಿ ಮದುವಿ, ಎರಡು ಪದ ಹಾಡಿ ಹೋಗ್ತೀನ್ರಿ” ಎಂದು ನಮ್ಮ ತಂದೆಯವರನ್ನು ಕೇಳಿದರು. ನಾವು ಊರಿನ ಆರ್ಕೆಸ್ಟ್ರಾದವರಿಗೆ ಮುಂಗಡ ಕೊಟ್ಟಿದ್ದೆವು. ಧ್ವನಿವರ್ಧಕ, ಬಣ್ಣದ ದೀಪ, ಸಿನಿಮಾ ಹಾಡು. ತಂದೆಯವರು ಕೆಟ್ಟವರಲ್ಲ; ಅವರಿಗೆ ಹೊಟ್ಟೆ ತುಂಬ ಊಟ ಮಾಡಿಸಿ, ಒಂದು ಟವೆಲು, ಹನ್ನೊಂದು ರೂಪಾಯಿ ಕೊಟ್ಟು ಕಳುಹಿಸಿದರು. ಅವರು ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಬಟ್ಟೆ ಬಿಚ್ಚದೆ ಏಕತಾರಿ ಹಾಗೆಯೇ ಮರಳಿ ಹೋಯಿತು. ನಾನು ಬಾಗಿಲಲ್ಲಿಯೇ ನಿಂತಿದ್ದೆನು. ಮಕ್ಕಳಿಗೆ ಜಾನಪದದ ಮಹತ್ವವನ್ನು ಪಾಠ ಹೇಳುವ ಶಿಕ್ಷಕಿ, “ಎರಡು ಪದ ಹಾಡಿಸೋಣ, ಅಪ್ಪಾ” ಎಂಬ ಒಂದು ಮಾತನ್ನು ಆಡಲಿಲ್ಲ.

ಮೊಮ್ಮಗನು ಪುರಾವೆ ಕೇಳಿದಾಗ ನನ್ನ ಎದೆಗೆ ಚುಚ್ಚಿದುದು ಇದೇ ನೆನಪು. ಅಂದು ನಮ್ಮ ಮನೆಯ ಮದುವೆಯಲ್ಲಿ ಅವರನ್ನು ಹಾಡಿಸಿದ್ದರೆ ಫೋಟೋ ತೆಗೆಯುವವನು ಅಲ್ಲಿಯೇ ಇದ್ದನು. ಇಂದು ಬೇಕಾದ ಫೋಟೋ ನಮ್ಮ ಮದುವೆಯ ಅಲ್ಬಮ್ಮಿನಲ್ಲಿಯೇ ದೊರೆಯುತ್ತಿತ್ತು.

ಮುಂದಿನ ಭಾನುವಾರ ಅತ್ತೆಯವರನ್ನು ಕರೆದುಕೊಂಡು ಕಮಲಾಪುರಕ್ಕೆ ಹೊರಟೆನು. ಮೊಣಕಾಲು ನೋವೆಂದು ಮಠಕ್ಕೂ ಬರಲು ಅನುಮಾನಿಸುವವರು ಬೆಳಿಗ್ಗೆ ಆರು ಗಂಟೆಗೆ ಸ್ನಾನ, ಲಿಂಗಪೂಜೆ ಮುಗಿಸಿ, ಇಳಕಲ್ಲ ಸೀರೆಯುಟ್ಟು ಸಿದ್ಧರಾಗಿದ್ದರು. ದಾರಿಯಲ್ಲಿ ಬಾಳೆಯ ತೋಟಗಳು ಕಂಡಾಗ ಕಿಟಕಿಯ ಗಾಜನ್ನು ಇಳಿಸಲು ಹೇಳಿದರು. ಆ ಊರು ಈಗ ಗುರುತು ಸಿಗುವುದಿಲ್ಲ. ನಮ್ಮ ಅಜ್ಜನವರ ಮನೆ ಇದ್ದ ಸ್ಥಳದಲ್ಲಿ ಅಂಗಡಿಗಳಾಗಿವೆ; ಮಾಳಿಗೆ ಇಲ್ಲ.

ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಎಂಬತ್ತೊಂದು ವರ್ಷವೆಂದು ಮೊಮ್ಮಗ ಹೇಳಿದನು. ತಲೆಗೆ ಬಿಳಿಯ ಟವೆಲು. ಹಲ್ಲುಗಳು ಹೋಗಿವೆ, ಕೈ ನಡುಗುತ್ತದೆ. ಅತ್ತೆಯವರು ಅವರನ್ನು ಬಹಳ ಹೊತ್ತು ನೋಡುತ್ತ ನಿಂತರು. ಅವರು ಇರುವ ಒಂದು ಕಣ್ಣನ್ನು ಕಿರಿದು ಮಾಡಿಕೊಂಡು, “ಯಾರ ಪೈಕಿರಿ ಯವ್ವಾ?” ಎಂದು ಕೇಳಿದರು. ಅತ್ತೆಯವರು ಮನೆತನದ ಹೆಸರು ಹೇಳಿದರು. “ಹೌದ್ರಿ, ದೊಡ್ಡ ಮನಿ. ಧಣೇರು ಗೊತ್ತು. ನೀವು ಗೊತ್ತಾಗಲಿಲ್ರಿ” ಎಂದರು. ಗೊತ್ತಾಗುವುದು ಹೇಗೆ? ಮಾಳಿಗೆಯ ಮೇಲಿನವರು ಕೆಳಗಿನವರಿಗೆ ಕಾಣುತ್ತಿರಲಿಲ್ಲವಷ್ಟೆ.

ಅತ್ತೆಯವರು ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಪದವನ್ನು ಮೆಲ್ಲನೆ ಹಾಡತೊಡಗಿದರು. ಅವರು ಮೊದಲು ಬೆರಗಿನಿಂದ ಕೇಳಿದರು. ಎರಡನೆಯ ನುಡಿಗೆ ದನಿ ಸೇರಿಸಿದರು. ಆ ದನಿ ಒಡೆದಿತ್ತು, ಆದರೆ ಧಾಟಿ ಅದೇ. ಕಣ್ಣು ಮುಚ್ಚಿದರೆ ಗ್ಯಾಸಬತ್ತಿ ಹೊತ್ತಿಕೊಳ್ಳುವಂತಿತ್ತು. ಮೂರನೆಯ ನುಡಿ ಮುಗಿಯಿತು. ಅವರು ನಿಲ್ಲಿಸಿದರು, ಮುಂದಿನದು ನೆನಪಿಗೆ ಬರಲಿಲ್ಲ. ಕೈ ಗಾಳಿಯಲ್ಲಿ ಏಕತಾರಿಯನ್ನು ಹುಡುಕಿತು. ಅತ್ತೆಯವರು ನಿಲ್ಲಿಸಲಿಲ್ಲ. ನಾಲ್ಕನೆಯ ನುಡಿಯನ್ನೂ ಗುರುವಿನ ಅಂಕಿತವನ್ನೂ ಹಾಡಿ ಮುಗಿಸಿದರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವರು, “ಯವ್ವಾ, ಆ ಕಡೀ ನುಡಿ ನಂದು ಕಳದು ಹೋಗಿತ್ರಿ. ಭಾಳ ವರ್ಷ ಹುಡಿಕೀನಿ. ನಿಮ್ಮ ಹಂತ್ಯಾಕ ಇತ್ತಲ್ರಿ!” ಎಂದು ಎಡಗೆನ್ನೆಯನ್ನು ಒಳಕ್ಕೆ ಎಳೆದುಕೊಂಡು ನಕ್ಕರು. ಅತ್ತೆಯವರು ನನ್ನ ಕೈಯನ್ನು ಒತ್ತಿದರು. ಗುಳಿ ಅಲ್ಲಿಯೇ ಇತ್ತು, ಸುಕ್ಕುಗಳ ನಡುವೆ.

ಅಂದು ಮಧ್ಯಾಹ್ನ ಅವರು ಮತ್ತು ಅತ್ತೆಯವರು ಕೂಡಿ ಹನ್ನೊಂದು ಪದಗಳನ್ನು ನೆನಪಿಸಿಕೊಂಡರು. ಮೊಮ್ಮಗನು ತನ್ನ ಮೊಬೈಲಿನಲ್ಲಿ ಅವನ್ನು ಧ್ವನಿಮುದ್ರಿಸಿಕೊಂಡನು. ನಾನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆನು. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ನಾಡಿನ ತತ್ತ್ವಪದಗಳನ್ನು ಸಂಪುಟಗಳಾಗಿ ಪ್ರಕಟಿಸಿದೆ; ಅದು ಸ್ತುತ್ಯವಾದ ಕಾರ್ಯ. ಮಾತುಗಳು ಪುಸ್ತಕದಲ್ಲಿ ಉಳಿಯುತ್ತವೆ. ಆದರೆ ಒಂದು ಪದವನ್ನು ಕಮಲಾಪುರದ ಅಮಾವಾಸ್ಯೆಯಲ್ಲಿ ಯಾವ ಧಾಟಿಯಲ್ಲಿ ಹಾಡಿದರು, ಎಲ್ಲಿ ಉಸಿರು ನಿಲ್ಲಿಸಿದರು, ಯಾವ ನುಡಿಗೆ ನಕ್ಕರು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ. ಅದು ನೋಡಿದವರ ಕಣ್ಣಿನಲ್ಲಿ, ಕೇಳಿದವರ ಕಿವಿಯಲ್ಲಿ ಇರುತ್ತದೆ, ಅವರೊಡನೆ ಹೋಗಿಬಿಡುತ್ತದೆ.

ಮರಳಿ ಬಂದ ಮೇಲೆ ಅರ್ಜಿಯ ಜೊತೆಗೆ ಲಗತ್ತಿಸಲು ಒಂದು ಹೇಳಿಕೆಯನ್ನು ಬರೆದೆನು. ಅತ್ತೆಯವರು ಹೇಳಿದರು, ನಾನು ಬರೆದೆನು. ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಇಂಥ ಊರಿನ ಇಂಥ ಕಟ್ಟೆಯ ಮೇಲೆ, ಪ್ರತಿ ಅಮಾವಾಸ್ಯೆಯ ರಾತ್ರಿ ಇವರು ತತ್ತ್ವಪದಗಳನ್ನು ಹಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದೇನೆ. ಅವರಿಂದ ಕಲಿತ ಹನ್ನೊಂದು ಪದಗಳ ಪಟ್ಟಿಯನ್ನು ಇದರೊಡನೆ ಇರಿಸಿದ್ದೇನೆ. ಇಷ್ಟಾದ ಮೇಲೆ ಸಹಿ ಮಾಡುವ ಮುನ್ನ ಅತ್ತೆಯವರು ಕೇಳಿದರು: “ಗುಲಾಬಿ ಪಟಕಾ ಬರದಿಯೇನವ್ವಾ?”

“ಸರ್ಕಾರದ ಕಾಗದದಾಗ ಅದ್ಯಾಕ ಬೇಕತ್ತಿ?” ಎಂದೆನು.

“ಬರಿ. ನಾ ಖರೇ ನೋಡೀನಿ ಅಂಬೋದು ಅದರಿಂದನೇ ಗೊತ್ತಾಗ್ತದ.”

ಬರೆದೆನು. ಅತ್ತೆಯವರು ನಡುಗುವ ಕೈಯಿಂದ ಕನ್ನಡದಲ್ಲಿ ಸಹಿ ಮಾಡಿದರು. ಆ ಕಾಗದವನ್ನು ಕಚೇರಿಯವರು ಪುರಾವೆಯೆಂದು ಒಪ್ಪುವರೋ ಇಲ್ಲವೋ ಇನ್ನೂ ತಿಳಿದಿಲ್ಲ, ಅರ್ಜಿ ಹೋಗಿದೆ. ಬರುವ ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ಭಜನೆ ಇಟ್ಟುಕೊಂಡಿದ್ದೇವೆ. ಅವರನ್ನು ಕರೆತರಲು ತಮ್ಮನು ತಾನೇ ಕಾರು ತೆಗೆದುಕೊಂಡು ಹೋಗುವುದಾಗಿ ಹೇಳಿದ್ದಾನೆ. ಫೋಟೋ ತೆಗೆಯುವವರಿಗೂ ತಿಳಿಸಿದ್ದೇವೆ.

ತಾಯಂದಿರೆ, ನಿಮ್ಮ ಊರಿನಲ್ಲಿಯೂ ಒಬ್ಬ ಹಾಡುಗಾರನು ಇದ್ದಿರಬೇಕು. ಆತನ ನಿಲುವು, ನಗೆ, ತಲೆಯ ಪಟಕಾದ ಬಣ್ಣ ನಿಮಗೆ ನೆನಪಿರಬೇಕು. ನಾಚಿಕೆಪಡಬೇಡಿರಿ. ಮೊಮ್ಮಕ್ಕಳನ್ನು ಕರೆದು ಕೂರಿಸಿಕೊಂಡು ಅದನ್ನು ಹೇಳಿರಿ. ಆತನಿಂದ ಕಲಿತ ಪದವೊಂದನ್ನು ಹಾಡಿರಿ. ಊರು, ವರ್ಷ, ಹೆಸರುಗಳನ್ನು ಬರೆಯಿಸಿ ಇಡಿರಿ. ಆತನು ಇನ್ನೂ ಬದುಕಿದ್ದರೆ ಒಮ್ಮೆ ಹೋಗಿ ಬನ್ನಿರಿ. ಆತನು ಮರೆತ ನಾಲ್ಕನೆಯ ನುಡಿ ನಿಮ್ಮ ಬಳಿ ಇರಲೂಬಹುದು.